ನಲವತ್ತೆಂಟನೆಯ ದೃಶ್ಯದ ಮನೆ

ಒಡೆಯುವುದಕ್ಕೆಂದೇ ಮನೆ ಕಟ್ಟುವ ಕೆಲಸದಲ್ಲಿ ಕುಸಾಕಾ ಇಸಾಮು ಹತ್ತೊಂಬತ್ತು ವರ್ಷ ಕಳೆದಿದ್ದ. ಟೋಕಿಯೊದ ಪಶ್ಚಿಮ ಅಂಚಿನ ಸ್ಟುಡಿಯೊದಲ್ಲಿ ದೈತ್ಯಪ್ರಾಣಿಗಳ ಚಿತ್ರ ತೆಗೆಯುತ್ತಿದ್ದರು. ರಬ್ಬರಿನ ವೇಷದೊಳಗೆ ಹೊಕ್ಕ ಮನುಷ್ಯ ಊರು ತುಳಿಯುತ್ತಾನೆ. ತುಳಿಯಲು ಬೇಕಾದ ಊರನ್ನು ಇಸಾಮು ಪ್ಲಾಸ್ಟರಿನಲ್ಲಿ ಕಟ್ಟಿಕೊಡುತ್ತಾನೆ. ಪ್ರತಿ ಗೋಡೆಯ ಒಳಮೈಗೆ ಗರಗಸದ ತುದಿಯಿಂದ ಗೀರು ಹಾಕಬೇಕು. ಗೀರು ಕಡಿಮೆಯಾದರೆ ಗೋಡೆ ಹಲಗೆಯಂತೆ ಮಗುಚಿ, ಆಟಿಕೆಯೆಂದು ಗೊತ್ತಾಗಿಬಿಡುತ್ತದೆ. ಹೆಚ್ಚಾದರೆ ಸಾಗಿಸುವಾಗಲೇ ಪುಡಿ. ಸರಿಯಾಗಿದ್ದರೆ ಕಾಲಿಟ್ಟ ಕೂಡಲೇ ನಿಜವಾದ ಮನೆ ಕುಸಿದಂತೆ ಕುಸಿಯುತ್ತದೆ. ತನ್ನ ಮನೆಗಳಲ್ಲಿ ಒಂದೂ ಕ್ಯಾಮೆರಾದ ಮುಂದೆ ಒಡೆಯದೆ ಉಳಿದಿಲ್ಲ ಎಂಬುದು ಇಸಾಮುವಿನ ಹೆಮ್ಮೆ. ಕಳೆದ ಹನ್ನೊಂದು ವರ್ಷಗಳಿಂದ ಆ ಗೀರುಗಳನ್ನು ಹಾಕುತ್ತಿದ್ದವಳು ಅವನ ಹೆಂಡತಿ ಫುಸಾಯೆ. ಅದನ್ನು ಅವನು ಎಲ್ಲೂ ಹೇಳಿರಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ.

1971ರ ಮೇ ತಿಂಗಳಲ್ಲಿ ಸ್ಟುಡಿಯೊದವರು ಮಾದರಿ ಕಟ್ಟುವ ಕಾರ್ಯಾಗಾರದ ಅರ್ಧ ಜನರನ್ನು ಕೆಲಸ ಬಿಡಿಸಿ ಮನೆಗೆ ಕಳಿಸಿದರು. ಉಳಿದವರಿಗೆ ಕೆಲಸವನ್ನು ಮನೆಗೇ ಹೊರಿಸಿದರು.

"ಮೂವತ್ತೆರಡು ಮನೆ," ಎನ್ನುತ್ತ ಇಸಾಮು ನಕ್ಷೆಯ ಸುರುಳಿಯನ್ನು ಊಟದ ಮೇಜಿನ ಪಕ್ಕಕ್ಕಿಟ್ಟ. "ಒಂದು ದೋಣಿಕಟ್ಟೆ. ಮೀನು ಒಣಗಿಸೋ ಚಪ್ಪರ ಎಂಟು. ಜೂನ್ ಹದಿನೈದಕ್ಕೆ ಶೂಟಿಂಗ್."

"ಇಷ್ಟೆಲ್ಲ ಎಲ್ಲಿ ಹರಡೋದು?" ಫುಸಾಯೆ ಮಿಸೊ ಸಾರು ಬಡಿಸುತ್ತ ಕೇಳಿದಳು.

"ಮುಂದಿನ ಕೋಣೆ ಖಾಲಿ ಮಾಡಿದ್ರಾಯ್ತು."

"ಮುಂದಿನ ಕೋಣೇಲಿ ನಾನು ಮಲಗ್ತೀನಿ," ಎಂದಳು ಅವನ ತಾಯಿ ತೊಮೆ, ಎಪ್ಪತ್ತೆರಡರ ಮುದುಕಿ.

"ಊರಿನ ಮಧ್ಯೆ ಮಲಗು. ಗ್ರಾಮದೇವತೆ ತರ."

"ಗ್ರಾಮದೇವತೆಗೆ ಸೊಂಟ ನೋಯಲ್ಲ."

ಮಗಳು ಚಿಸಾಟೊ ನಕ್ಕಳು. ಅವಳಿಗೆ ಇಪ್ಪತ್ತು. ಅದೇ ಸ್ಟುಡಿಯೊದಲ್ಲಿ ಚಿತ್ರಕಥೆಗಳ ಪ್ರತಿ ತೆಗೆಯುವ ಕೆಲಸ; ಮೇಣದ ಹಾಳೆಯ ಮೇಲೆ ಉಕ್ಕಿನ ಮೊನೆಯಿಂದ ಅಕ್ಷರ ಕೊರೆಯುವುದು. ಹೀಗಾಗಿ ಆ ಚಿತ್ರದಲ್ಲಿ ಏನಿದೆ ಎಂಬುದು ಮನೆಯಲ್ಲಿ ಮೊದಲು ಗೊತ್ತಾಗುತ್ತಿದ್ದದ್ದು ಅವಳಿಗೆ. ಗುರುವಾರ ಸಂಜೆ ಪುಸ್ತಕದಂಗಡಿಯ ಮಹಡಿಯಲ್ಲಿ ನಡೆಯುವ ಓದುಗರ ಕೂಟಕ್ಕೂ ಹೋಗುತ್ತಿದ್ದಳು. ತಂದೆಗೆ ಅದು 'ಗುರುವಾರದ ಗಲಾಟೆ'.

ತೊಮೆ ಚಾಪ್‌ಸ್ಟಿಕ್ ಕೆಳಗಿಟ್ಟು ನಕ್ಷೆ ಬಿಚ್ಚಿದಳು. ದೋಣಿಕಟ್ಟೆ, ಅಲ್ಲಿಂದ ಏರುವ ಓಣಿ, ಓಣಿಯ ತುದಿಗೆ ಒಂಟಿ ಮನೆ. ಆ ಮನೆಯ ಮೇಲೆ ಬೆರಳಿಟ್ಟಳು.

"ಇದು ಕಿಯೊ ಮನೆ."

ಕಿಯೊ ಅವಳ ತಂಗಿ. ಹುಟ್ಟಿದ ಊರು ಬಿಡದೆ, ದಕ್ಷಿಣದ ಕಡಲಂಚಿನ ಹಾಮಾಜಿಯಲ್ಲೇ ಮದುವೆಯಾಗಿ ಉಳಿದವಳು. ಅಲ್ಲಿನ ಕೊಲ್ಲಿಗೆ ಒಂದು ಕಾರ್ಖಾನೆ ಹದಿನೈದು ವರ್ಷ ವಿಷ ಬಿಟ್ಟಿತ್ತು. ಮೊದಲು ಬೆಕ್ಕುಗಳು ಕುಣಿಕುಣಿದು ಸತ್ತವು. ಆಮೇಲೆ ಕಿಯೊಳ ಗಂಡ ಸತ್ತ. ಕಿಯೊ ಸಾಯಲಿಲ್ಲ, ಕೈ ನಡುಗುತ್ತದೆ, ಕಾಲು ಹೇಳಿದ್ದು ಕೇಳುವುದಿಲ್ಲ. ವರ್ಷವರ್ಷವೂ ಒಣಮೀನಿನ ಗಂಟು ಕಳಿಸುತ್ತಿದ್ದವಳು ಗಂಟಿನ ದಾರ ಕಟ್ಟಲಾಗದೆ ನಿಲ್ಲಿಸಿದ್ದಳು. ಗಂಟು ಬಂದಾಗೆಲ್ಲ ಫುಸಾಯೆ ವಿಷಕ್ಕೆ ಹೆದರಿ ಅದನ್ನು ಕದ್ದು ಹೂಳುತ್ತಿದ್ದಳು, ತೊಮೆ ಹುಡುಕುತ್ತಿದ್ದಳು. ಅತ್ತೆ ಸೊಸೆಯರ ಅತಿ ದೊಡ್ಡ ಜಗಳಗಳು ನಡೆದದ್ದು ಆ ಮೀನಿಗಾಗಿಯೇ.

ಕಳೆದ ಚಳಿಗಾಲದಲ್ಲಿ ಸ್ಟುಡಿಯೊದ ಚಿತ್ರಕಥೆಗಾರ ಇದೇ ಕೋಣೆಯಲ್ಲಿ ಮೂರು ಸಂಜೆ ಕೂತು, ತೊಮೆ ಹೇಳಿದ್ದನ್ನೆಲ್ಲ ಬರೆದುಕೊಂಡಿದ್ದ. ಅದರಿಂದ ಹುಟ್ಟಿದ್ದು ನುರುಗಾ. ಕೊಲ್ಲಿಯ ಕೊಳಕಿನಿಂದ ಎದ್ದು ಬರುವ ಪ್ರಾಣಿ.

"ನಲವತ್ತೆಂಟನೇ ದೃಶ್ಯ ಹೇಳು," ಎಂದು ತೊಮೆ ಮೊಮ್ಮಗಳಿಗೆ ಹೇಳಿದಳು.

"ಎಷ್ಟು ಸಲ ಅಜ್ಜಿ?"

"ಹೇಳು."

"ನುರುಗಾ ಓಣಿ ತುಳೀತಾ ಮೇಲೆ ಬರುತ್ತೆ. ಎಲ್ಲಾ ಒಡೆಯುತ್ತೆ. ಕೊನೇ ಮನೇಲಿ ಒಬ್ಬಳು ಮುದುಕಿ ಚಹಾ ಕುಡೀತಿರ್ತಾಳೆ. ಕೈ ನಡುಗಿ ಚೆಲ್ಲುತ್ತೆ. ನುರುಗಾ ಕಿಟಕೀಲಿ ನೋಡುತ್ತೆ. ಅದರ ಕೈನೂ ನಡುಗ್ತಿರುತ್ತೆ. ಕಾಲು ಎತ್ತಿದ್ದು ಕೆಳಗಿಡುತ್ತೆ. ತಿರುಗಿ ಕಾರ್ಖಾನೆ ಕಡೆ ಹೋಗುತ್ತೆ."

"ಒಡೆಯಲ್ಲ."

"ಒಡೆಯಲ್ಲ ಅಜ್ಜಿ."

ತೊಮೆ ಇದನ್ನು ಆಗಲೇ ತಂಗಿಗೆ ಬರೆದಿದ್ದಳು. ಕಿಯೊ ತನ್ನ ಮೊಮ್ಮಗಳ ಕೈಲಿ ಬರೆಸಿದ ಉತ್ತರವೂ ಬಂದಿತ್ತು: ಆಗಸ್ಟಿನಲ್ಲಿ ಪಿತೃಗಳ ಹಬ್ಬಕ್ಕೆ ಪಕ್ಕದ ಪೇಟೆಯ ಚಿತ್ರಮಂದಿರಕ್ಕೆ ಚಿತ್ರ ಬರುತ್ತದಂತೆ. ಕೇರಿಯವರು ಒಂದು ಸಾಲು ಪೂರ್ತಿ ಕಾದಿರಿಸಿದ್ದಾರೆ. ನನ್ನನ್ನು ಬೆನ್ನ ಮೇಲೆ ಹೊತ್ತು ಕರೆದುಕೊಂಡು ಹೋಗುತ್ತಾರೆ. ನನ್ನ ಮನೆ ಉಳಿಯುವುದನ್ನು ನೋಡಬೇಕು.

*

ಮೂರು ವಾರ ಮನೆಯೆಲ್ಲ ಬಿಳಿ ಪುಡಿ. ಅನ್ನದ ಪಾತ್ರೆಗೆ ಒದ್ದೆ ಬಟ್ಟೆ ಮುಚ್ಚಬೇಕಾಯಿತು. ಫುಸಾಯೆ ಅಚ್ಚಿನಲ್ಲಿ ಹೆಂಚು ಒತ್ತುವಳು, ಗೋಡೆಗಳಿಗೆ ಗೀರು ಹಾಕುವಳು. ತೊಮೆ ಹೆಂಚುಗಳಿಗೆ ಪಾಚಿಯ ಬಣ್ಣ ಹಚ್ಚುವಳು. ಸಂಜೆ ಶಾಲೆ ಬಿಟ್ಟ ಮಕ್ಕಳು ಜಗಲಿಗೆ ಬಂದು ಸಾಲಾಗಿ ಕೂರುತ್ತಿದ್ದರು.

"ಮಾಮ, ಇದನ್ನ ಒಡೆಯೋದು ಯಾವತ್ತು?"

"ಹದಿನೈದಕ್ಕೆ."

"ಎಲ್ಲಾನೂ?"

"ಎಲ್ಲಾನೂ. ನಿಮಗೆ ಅದೇ ತಾನೇ ಬೇಕು?"

ಬೇಕು ಎಂದು ಎಲ್ಲರೂ ಕೂಗಿದರು. ಅಂಗಡಿಯವರ ಹುಡುಗಿಯೊಬ್ಬಳು ಮಾತ್ರ ಓಣಿಯ ಕೊನೆಯ ಮನೆಯ ಹತ್ತಿರ ಮೂಗು ತಂದು, "ಇಲ್ಲಿ ಬಟ್ಟೆ ಒಣಗಿಸಿದ್ದಾರಲ್ಲ, ಯಾರದು?" ಎಂದು ಕೇಳಿದಳು. ನಿಜ, ಅಲ್ಲೊಂದು ದಾರವಿತ್ತು. ದಾರದ ಮೇಲೆ ಬೆರಳುಗುರಿನಷ್ಟು ಏಪ್ರನ್ ಇತ್ತು.

"ಯಾರದೂ ಅಲ್ಲ. ಚೆನ್ನಾಗಿ ಕಾಣ್ಲಿ ಅಂತ ಹಾಕಿದ್ದು."

"ಯಾರದೂ ಅಲ್ಲದಿದ್ರೆ ಒಗೆದವರು ಯಾರು?"

ಇಸಾಮು ಬಾರ್ಲಿ ಚಹಾ ಕುಡಿದ.

*

ಜೂನ್ ಮೊದಲ ಭಾನುವಾರ ನಿರ್ಮಾಣ ವಿಭಾಗದ ಮುಖ್ಯಸ್ಥ ಉಸುಯಿ ಸಿಹಿ ಕೇಕಿನ ಪೊಟ್ಟಣ ಹಿಡಿದುಕೊಂಡು ಬಂದ. ಬೂಟು ಬಿಚ್ಚಿ, ಮನೆಗಳ ನಡುವೆ ಕಾಲಿಡಲು ಜಾಗ ಹುಡುಕಿ, ಮೊಣಕಾಲೂರಿ ಕೂತ.

"ಮೊದಲು ನಿಮ್ಮ ಮಗಳ ವಿಷಯ," ಎಂದ. "ಹೊಸ ಪುಟ ಕೊರೆಯಲ್ಲ ಅಂತ ಕೂತಿದ್ದಾಳೆ. ಶುಕ್ರವಾರದಿಂದ."

"ಯಾವ ಹೊಸ ಪುಟ?" ಇಸಾಮು ಮಗಳ ಕಡೆ ನೋಡಿದ.

"ನಲವತ್ತೆಂಟನೇದು," ಚಿಸಾಟೊ ಅಂದಳು. "ಅವರೇ ಹೇಳ್ಲಿ. ನನ್ನ ಬಾಯಲ್ಲಿ ಬರಲ್ಲ."

ಉಸುಯಿ ಕರವಸ್ತ್ರದಿಂದ ಕತ್ತು ಒರೆಸಿದ. "ನೋಡಿ, ಇದು ಬೇಸಿಗೆ ರಜೆಯ ಚಿತ್ರ. ಒಂದೇ ಟಿಕೆಟಿಗೆ ಮೂರು ಚಿತ್ರ. ಎರಡು ಕಾರ್ಟೂನ್ ಜೊತೆ ಇದೊಂದು. ಮಧ್ಯದಲ್ಲಿ ಮುದುಕಿ, ನಡುಗೋ ಕೈ, ಅಂತ ತೋರಿಸಿದ್ರೆ ಮಕ್ಕಳು ಅಳ್ತಾರೆ, ತಾಯಂದಿರು ಬೈತಾರೆ, ಚಿತ್ರಮಂದಿರದವರು ನನ್ನ ಕತ್ತು ಹಿಡೀತಾರೆ. ಮಕ್ಕಳು ಯೋಚನೆ ಮಾಡೋಕೆ ಟಿಕೆಟ್ ತಗೊಳಲ್ಲ."

"ಹಾಗಾದ್ರೆ ಏನು ಮಾಡುತ್ತೆ ನುರುಗಾ?" ತೊಮೆ ಕೇಳಿದಳು.

"ಕುಣಿಯುತ್ತೆ ಅಜ್ಜಿ. ಓಣೀಲಿ ಕುಣೀತಾ ಬರುತ್ತೆ. ಸುಸ್ತಾಗಿ ಕೊನೇ ಮನೆ ಮೇಲೆ..." ಉಸುಯಿ ಸ್ವಲ್ಪ ಎದ್ದು ಚಾಪೆಯ ಮೇಲೆ ದೊಪ್ಪನೆ ಕೂತು ತೋರಿಸಿದ. "ಮನೆ ಪುಡಿ. ಎದ್ದು ಹಿಂಭಾಗ ತಡವಿಕೊಳ್ಳುತ್ತೆ. ಮಕ್ಕಳು ಬಿದ್ದು ಬಿದ್ದು ನಗ್ತಾರೆ."

ಯಾರೂ ನಗಲಿಲ್ಲ.

"ಆ ಮನೇಲಿ ಯಾರಿದ್ದಾರೆ?" ತೊಮೆ ಕೇಳಿದಳು.

"ಯಾರೂ ಇಲ್ಲ ಅಜ್ಜಿ. ಬರೀ ಪ್ಲಾಸ್ಟರ್."

"ಬರೆದವರು ಒಪ್ಪಿದ್ರಾ?" ಇಸಾಮು ಕೇಳಿದ.

"ತಮ್ಮ ಹೆಸರು ತೆಗೆಸಿಕೊಂಡು ಹೋದ್ರು. ದೊಡ್ಡವರು, ಅವರಿಗೆ ಬೇರೆ ಕೆಲಸ ಸಿಗುತ್ತೆ." ಉಸುಯಿ ಕೇಕಿನ ಪೊಟ್ಟಣವನ್ನು ಮುಂದೆ ತಳ್ಳಿದ. "ಕುಸಾಕಾ ಅವರೇ, ಸ್ಟುಡಿಯೊದಲ್ಲಿ ಈಗ ಎಷ್ಟು ಜನ ಉಳಿದಿದ್ದಾರೆ ಅಂತ ನಿಮಗೇ ಗೊತ್ತು."

"ಒಡೆಯುತ್ತೆ ಬಿಡಿ," ಇಸಾಮು ಹೇಳಿದ. "ನನ್ನ ಮನೆ ಯಾವುದು ಒಡೆದಿಲ್ಲ ಹೇಳಿ."

ಉಸುಯಿ ಹೋದ ಮೇಲೆ ತೊಮೆ ಪಾಚಿಯ ಕುಂಚವನ್ನು ತೊಳೆದು, ಒರೆಸಿ, ಡಬ್ಬಿಯಲ್ಲಿಟ್ಟಳು. ಆ ದಿನ ಮತ್ತೆ ತೆಗೆಯಲಿಲ್ಲ. ಕೇಕನ್ನು ಯಾರೂ ಮುಟ್ಟಲಿಲ್ಲ. ಮೂರನೆಯ ದಿನ ಇರುವೆ ಬಂತು.

*

"ಅಪ್ಪ, ನೀನು ಹೂಂ ಅಂದಿದ್ದು ಸರಿಯಾ?"

ಸೋಮವಾರದ ಊಟ. ಮಾಂಸದಂಗಡಿಯಿಂದ ತಂದ ಆಲೂಗಡ್ಡೆ ಬೋಂಡ, ಎಲೆಕೋಸು, ಮೂಲಂಗಿ ಉಪ್ಪಿನಕಾಯಿ.

"ಊಟ ಮಾಡು."

"ಮಾಡ್ತಾನೇ ಕೇಳ್ತಿದೀನಿ."

"ಯುದ್ಧ ಮುಗಿದ ವರ್ಷ, ಹದಿನಾರರಲ್ಲಿ, ನಾನು ಸುಟ್ಟು ಹೋದ ಊರಲ್ಲಿ ಓಡಾಡಿದವನು," ಇಸಾಮು ಹೇಳಿದ. "ಚಿತ್ರ ತೋರಿಸೋ ಟೆಂಟಿಗೆ ನುಗ್ಗುತ್ತಿದ್ದೆ. ಯೋಚನೆ ಮಾಡೋಕೆ ಅಲ್ಲ. ಎರಡು ಗಂಟೆ ಹೊಟ್ಟೆ ಮರೆಯೋಕೆ. ನಗು ಅಂದ್ರೆ ನಿಮ್ಮ ಗುರುವಾರದ ಗಲಾಟೆಗೆ ಯಾಕಷ್ಟು ಸಿಟ್ಟು?"

"ನಗು ಮೇಲೆ ಸಿಟ್ಟಿಲ್ಲ. ಯಾರ ಮನೆ ಮೇಲೆ ಕೂತು ನಗಿಸ್ತಾರೆ ಅನ್ನೋದರ ಮೇಲೆ ಸಿಟ್ಟು."

"ಅದು ಯಾರ ಮನೇನೂ ಅಲ್ಲ."

"ಹಾಗಾದ್ರೆ ಅದರೊಳಗೆ ಅಕ್ಕಿ ಬೇಯಿಸೋ ಪಾತ್ರೆ ಯಾಕಿಟ್ಟೆ?"

ಇಸಾಮು ಉಪ್ಪಿನಕಾಯಿಗೆ ಕೈ ಹಾಕಿದ.

"ನಾನು ನೋಡ್ದೆ," ಚಿಸಾಟೊ ಬಿಡಲಿಲ್ಲ. "ಹೆಂಚಿನ ಮಾಡು ಇಡೋ ಮುಂಚೆ. ಒಲೆ ಇದೆ, ಪಾತ್ರೆ ಇದೆ, ಪಾತ್ರೆಗೆ ಮುಚ್ಚಳ ಇದೆ. ಕ್ಯಾಮೆರಾಗೆ ಕಾಣುತ್ತಾ ಅದು? ಯಾವ ಮಗು ನೋಡುತ್ತೆ? ಹತ್ತೊಂಬತ್ತು ವರ್ಷದಿಂದ ಪ್ರತಿ ಮನೇಲೂ ಯಾರೋ ಬದುಕೋ ಹಾಗೆ ಕಟ್ತೀಯ. ಆಮೇಲೆ ಯೋಚನೆ ಬೇಡ, ಬರೀ ಮಜಾ ಅಂತೀಯ."

"ಕೆಲಸ ಅಂದ್ರೆ ಹಾಗೇ ಮಾಡಬೇಕು."

"ಅದನ್ನೇ ನಾನೂ ಹೇಳ್ತಿರೋದು."

"ಸಾಕು," ಎಂದು ಇಸಾಮು ಬಟ್ಟಲು ಕುಕ್ಕಿದ. "ಒಂದು ಮನೆ ಉಳಿಸಿ ಮೂವತ್ತು ಸಂಸಾರ ಬೀದಿಗೆ ಹಾಕ್ಲಾ? ಸ್ಟುಡಿಯೊ ಮುಚ್ಚಿದ್ರೆ ನಿಮ್ಮ ಕೂಟದವರು ಬಂದು ಅನ್ನ ಹಾಕ್ತಾರಾ?"

ತೊಮೆ ಅಷ್ಟು ಹೊತ್ತೂ ಎಲೆಕೋಸು ಅಗಿಯುತ್ತಿದ್ದಳು. ಹಲ್ಲು ಕಡಿಮೆ, ನಿಧಾನ.

"ಮಕ್ಕಳು ನಗ್ಲಿ ಇಸಾಮು," ಎಂದಳು. "ಕಿಯೊಗೂ ನಗೋದಂದ್ರೆ ಇಷ್ಟ. ನಿನಗೆ ಗೊತ್ತಿಲ್ವಾ, ಸಣ್ಣೋಳಿದ್ದಾಗ ಹೆಣದ ಮುಂದೆ ನಕ್ಕು ಏಟು ತಿಂದೋಳು. ಆದ್ರೆ ಆಗಸ್ಟಲ್ಲಿ ಅವಳನ್ನ ಹೊತ್ಕೊಂಡು ಹೋಗಿ ಕೂರಿಸ್ತಾರೆ. ಅವಳ ಮನೆ ಮೇಲೆ ಅದು ಅಂಡೂರಿ ಕೂತಾಗ ಪಕ್ಕದ ಸೀಟಿನವರು ನಗ್ತಾರೆ. ಆಗ ಅವಳು ಏನು ಮಾಡ್ಬೇಕು? ನಾನು ಏನಂತ ಬರೀಲಿ? ಬರಬೇಡ ಅಂತ ಬರೀಲಾ?"

ಇಸಾಮು ಎದ್ದು ಅಂಗಳಕ್ಕೆ ಹೋದ. ಫುಸಾಯೆ ಅವನ ಬಟ್ಟಲಿನಲ್ಲಿ ಉಳಿದ ಅನ್ನದ ಮೇಲೆ ಚಹಾ ಸುರಿದುಕೊಂಡು ತಾನೇ ತಿಂದಳು.

ಮಕ್ಕಳ ಹೆಸರು ಹೇಳಿ ದೊಡ್ಡವರು ತಮ್ಮ ಹೇಡಿತನ ಮಾರುವುದು ಸುಲಭ. ಮಗು ಅಳುತ್ತದೆ ಎಂದರೆ ಯಾರೂ ಎದುರಾಡುವುದಿಲ್ಲ. ಹಾಮಾಜಿಯಲ್ಲಿ ಹುಟ್ಟುತ್ತಲೇ ಕೈಕಾಲು ಸೊಟ್ಟಗಾದ ಮಕ್ಕಳಿದ್ದರು. ಅವರ ಅಳುವಿಗೆ ಯಾವ ಚಿತ್ರಮಂದಿರದವನೂ ಕತ್ತು ಹಿಡಿಯಲು ಹೋಗಿರಲಿಲ್ಲ.

*

ಮಾರನೆಯ ಬೆಳಿಗ್ಗೆ ಇಸಾಮು ಸ್ಟುಡಿಯೊಗೆ ಹೋದ ಮೇಲೆ ಫುಸಾಯೆ ತರಕಾರಿಯವನ ಹತ್ತಿರ ಹಳೆಯ ಕಿತ್ತಳೆ ಪೆಟ್ಟಿಗೆಯೊಂದನ್ನು ಕೇಳಿ ತಂದಳು. ತೊಮೆ ಜಗಲಿಯಲ್ಲಿ ಕೂತು ಬಟಾಣಿ ಸುಲಿಯುತ್ತ ನೋಡುತ್ತಿದ್ದಳು. ಫುಸಾಯೆ ಪೆಟ್ಟಿಗೆಯ ಹಲಗೆಗಳನ್ನು ಅಳೆದು ಕೊಯ್ದಳು. ಓಣಿಯ ಕೊನೆಯ ಮನೆಯ ಮಾಡನ್ನು ಎತ್ತಿ, ಒಲೆಯನ್ನೂ ಪಾತ್ರೆಯನ್ನೂ ಚಿಮಟದಿಂದ ತೆಗೆದಿಟ್ಟು, ನಾಲ್ಕೂ ಮೂಲೆಗೆ ಹಲಗೆ ನಿಲ್ಲಿಸಿ, ಅಡ್ಡ ತೊಲೆ ಬಡಿದಳು. ಗೀರಿಲ್ಲದ ಹೊಸ ಗೋಡೆಗಳನ್ನು ಗಟ್ಟಿ ಪ್ಲಾಸ್ಟರಿನಲ್ಲಿ ಸೆಣಬಿನ ನಾರು ಕಲಸಿ ಎರೆದಳು. ಒಲೆ, ಪಾತ್ರೆ ಮತ್ತೆ ಒಳಗಿಟ್ಟು ಮಾಡು ಮುಚ್ಚಿದಳು.

"ಸೊಸೆ," ತೊಮೆ ಕರೆದಳು. "ನೀನೇನು ಮಾಡ್ತಿದೀಯ?"

"ಮನೆ ಕಟ್ತಿದೀನಿ ಅತ್ತೆ."

"ಅವನಿಗೆ ಗೊತ್ತಾದ್ರೆ?"

"ಗೊತ್ತಾಗ್ಲಿ. ಹೂಳಿದ ಮೀನು ನಿಮಗೆ ಗೊತ್ತಾಗ್ತಿರಲಿಲ್ವಾ?"

ತೊಮೆ ಬಟಾಣಿಯ ಬುಟ್ಟಿ ಪಕ್ಕಕ್ಕಿಟ್ಟು ಒಳಗೆ ಹೋದಳು. ಡಬ್ಬಿ ತೆರೆದು ಕುಂಚ ತೆಗೆದಳು. ಆ ಮನೆಯ ಹೆಂಚುಗಳಿಗೆ ಪಾಚಿ ಹಚ್ಚುವುದು ಬಾಕಿಯಿತ್ತು.

*

ಹದಿನಾಲ್ಕರಂದು ಮಧ್ಯಾಹ್ನ ಗಾಡಿ ಬಂತು. ಸಾಗಿಸುವ ಮುಂಚೆ ಪ್ರತಿ ಮನೆಯ ಗೋಡೆಗೂ ಉಗುರಿನಿಂದ ತಟ್ಟಿ ನೋಡುವುದು ಇಸಾಮುವಿನ ಪದ್ಧತಿ. ಗೀರಿದ ಗೋಡೆ ಹಪ್ಪಳದಂತೆ ತೆಳ್ಳಗೆ ಸದ್ದು ಮಾಡುತ್ತದೆ. ಒಂದರ ನಂತರ ಒಂದು ತಟ್ಟಿದ, ತಲೆಯಾಡಿಸಿದ, ಗಾಡಿಯವನ ಕೈಗೆ ಕೊಟ್ಟ. ಮೂವತ್ತೊಂದು ಆಯಿತು.

ಕೊನೆಯದನ್ನು ತಟ್ಟಿದ. ಸದ್ದು ಹುಟ್ಟಲೇ ಇಲ್ಲ. ಇನ್ನೊಮ್ಮೆ ತಟ್ಟಿದ. ಎರಡೂ ಕೈಯಲ್ಲಿ ಎತ್ತಿ ತೂಕ ನೋಡಿದ. ಅಡುಗೆ ಮನೆಯ ಬಾಗಿಲಲ್ಲಿ ಫುಸಾಯೆ ನಿಂತಿದ್ದಳು. ಅವಳ ಹಿಂದೆ ತೊಮೆ. ಚಿಸಾಟೊಗೆ ಮಾತ್ರ ಏನೂ ಗೊತ್ತಿರಲಿಲ್ಲ. ಅವಳು ಗಾಡಿಗೆ ಹುಲ್ಲು ಹಾಸುತ್ತಿದ್ದಳು.

"ಇದನ್ನ ಯಾರು ಗೀರಿದ್ದು?" ಇಸಾಮು ಕೇಳಿದ.

"ಯಾವಾಗಲೂ ಗೀರೋದು ಯಾರು?" ಫುಸಾಯೆ ಕೇಳಿದಳು.

"ಮರೆತೆಯಾ?"

"ಹನ್ನೊಂದು ವರ್ಷದಲ್ಲಿ ಯಾವತ್ತು ಮರೆತಿದ್ದೆ?"

ಗಾಡಿಯವನು ಕೈ ಚಾಚಿಕೊಂಡು ಕಾಯುತ್ತಿದ್ದ. ಇಸಾಮು ಮನೆಯನ್ನು ಕೆಳಗಿಟ್ಟ. ಕಿಟಕಿಗೆ ಕಣ್ಣು ಹಚ್ಚಿ ಒಳಗೆ ನೋಡಿದ. ಪಾತ್ರೆ ಇತ್ತು, ಮುಚ್ಚಳವೂ ಇತ್ತು. ಒಣಗಲು ಹಾಕಿದ ಏಪ್ರನ್ ಸ್ವಲ್ಪ ಜಾರಿತ್ತು. ಬೆರಳ ತುದಿಯಿಂದ ಸರಿಮಾಡಿದ.

"ಇದು ಭಾರ," ಎಂದು ಗಾಡಿಯವನಿಗೆ ಹೇಳಿದ. "ಬೇರೆ ಮನೆ ಮೇಲೆ ಬೀಳದ ಹಾಗೆ ಕಟ್ಟು."

ಗಾಡಿ ಹೋಯಿತು. ಇಸಾಮು ಸೈಕಲ್ ಏರಿ ಸ್ಟುಡಿಯೊದ ಗೇಟಿನ ಪಕ್ಕದ ನೂಡಲ್ ಅಂಗಡಿಗೆ ಹೋದ. ನುರುಗಾ ವೇಷ ತೊಡುವ ಹಾಚಿಯಾ ಅಲ್ಲಿ ಬನಿಯನ್ನಿನಲ್ಲಿ ಕೂತು ಸೊರ್ರೆಂದು ಎಳೆಯುತ್ತಿದ್ದ. ಅರವತ್ತು ಕಿಲೋ ರಬ್ಬರ್ ಹೊತ್ತು ಅವನ ಭುಜದಲ್ಲಿ ದಪ್ಪ ಕಲೆಗಳಾಗಿದ್ದವು.

"ಕೊನೇ ಮನೆ ಮೇಲೆ ಜೋರಾಗಿ ಕೂರಬೇಡ," ಇಸಾಮು ಹೇಳಿದ.

"ಯಾಕೆ?"

"ಬೆನ್ನು ಮೂಳೆ ಮುರಿಯುತ್ತೆ. ಅದು ಒಡೆಯಲ್ಲ."

ಹಾಚಿಯಾ ನೂಡಲ್ ಕಚ್ಚಿ ನಿಲ್ಲಿಸಿದ. "ನಿನ್ನ ಮನೆ?"

"ನನ್ನ ಹೆಂಡತಿ ಮನೆ. ಕೇಳಿದ್ರೆ ನಿನಗೆ ಗೊತ್ತಿರಲಿಲ್ಲ ಅನ್ನು."

"ಉಸುಯಿ ನಿನ್ನನ್ನ ಜೀವಸಹಿತ ಬೇಯಿಸ್ತಾನೆ."

"ಬೇಯಿಸ್ಲಿ."

"ಕೂತ ಮೇಲೆ ಒಡೀದಿದ್ರೆ ನಾನೇನು ಮಾಡ್ಲಿ?"

"ಅದು ನನಗೇನು ಗೊತ್ತು? ವೇಷದೊಳಗೆ ಇರೋನು ನೀನು."

*

ಊರು ಕುಸಿಯುವ ದೃಶ್ಯವನ್ನು ಎರಡು ಸಲ ತೆಗೆಯಲಾಗುವುದಿಲ್ಲ. ಕ್ಯಾಮೆರಾಗಳು ನಾಲ್ಕು ಪಟ್ಟು ವೇಗದಲ್ಲಿ ಓಡುತ್ತವೆ. ಓಡಲು ಶುರುವಾದ ಮೇಲೆ ಯಾರೂ ನಿಲ್ಲಿಸುವುದಿಲ್ಲ. ಹದಿನೈದರ ಬೆಳಿಗ್ಗೆ ಚಿಸಾಟೊ ಕೆಲಸದ ನಡುವೆ ಎದ್ದು ಬಂದು ಸೆಟ್ಟಿನ ಹಿಂದಿನ ಹಲಗೆ ಹಿಡಿದು ನಿಂತಿದ್ದಳು.

ನುರುಗಾ ಕೃತಕ ಕಡಲಿನಿಂದ ಎದ್ದಿತು. ಓಣಿಯಲ್ಲಿ ಹೇಳಿಕೊಟ್ಟ ಹಾಗೆಯೇ ಕುಣಿಯಿತು, ಚೆನ್ನಾಗಿಯೇ ಕುಣಿಯಿತು. ಮನೆಗಳು ಒಂದೊಂದಾಗಿ ಉದುರಿದವು. ದೀಪ ಹಿಡಿದವರು ನಕ್ಕರು. ಉಸುಯಿಯೂ ನಕ್ಕ. ಕೊನೆಯ ಮನೆಯ ಮುಂದೆ ಅದು ತಿರುಗಿ, ಮೆಲ್ಲಗೆ, ಅದರ ಮೇಲೆ ಕೂತಿತು.

ಮನೆ ನಿಂತಿತ್ತು.

ಪುಡಿಯಾದ ಊರಿನ ನಡುವೆ, ಅಷ್ಟು ದೊಡ್ಡ ಪ್ರಾಣಿ ಮೋಟು ಬೆಂಚಿನ ಮೇಲೆ ಕೂತ ಅಜ್ಜನ ಹಾಗೆ ಕೂತಿತ್ತು. ಉಸುಯಿ ಕೈ ಬೀಸಿದ. ಹಾಚಿಯಾ ಸ್ವಲ್ಪ ಎದ್ದು ಮತ್ತೆ ಕೂತ. ಮನೆ ನಿಂತಿತ್ತು. ಆಗ ಅವನು ಭುಜ ಇಳಿಬಿಟ್ಟ. ನಿಜವಾಗಿ ಸುಸ್ತಾಗಿತ್ತೋ, ಬೇಕೆಂದೇ ಮಾಡಿದನೋ, ಅವನು ಮುಂದೆಂದೂ ಹೇಳಲಿಲ್ಲ. ಕೂತ. ಆ ಮೇಲೆ ಎದ್ದು, ಭಾರವಾದ ತಲೆ ಬಗ್ಗಿಸಿ, ಕಿಟಕಿಯಲ್ಲಿ ನೋಡಿದ. ರಬ್ಬರಿನ ಕೈ ಮಾಡಿನ ಮೇಲಿತ್ತು; ತೂಕಕ್ಕೆ ನಡುಗುತ್ತಿತ್ತು. ಕ್ಯಾಮೆರಾದಲ್ಲಿ ರೀಲು ಮುಗಿಯುವವರೆಗೂ ನೋಡಿದ.

"ಯಾರು ಕಟ್ಟಿದ್ದು ಇದನ್ನ?" ಉಸುಯಿ ಕೂಗಿದ.

"ನಾನು," ಇಸಾಮು ಮುಂದೆ ಬಂದ. "ಉಳಿದ ಮೂವತ್ತೊಂದು ಕೂಡ ನಾನೇ."

*

ಊರನ್ನು ಮತ್ತೆ ಕಟ್ಟಲು ಮೂರು ವಾರ ಬೇಕಿತ್ತು. ಬಿಡುಗಡೆಗೆ ಆರು ವಾರವೂ ಉಳಿದಿರಲಿಲ್ಲ, ಅದರಲ್ಲೇ ಸಂಕಲನ, ಸಂಗೀತ ಮುಗಿಯಬೇಕಿತ್ತು. ಕತ್ತರಿಸಿದರೆ ಚಿತ್ರದ ಉದ್ದ ಸಾಲದೆಂದು ತೆಗೆದದ್ದನ್ನೇ ಪೂರ್ತಿ ಹಾಕಬೇಕಾಯಿತು. ಮನೆಯ ಲೆಕ್ಕ ಮಾತ್ರ ಬೇರೆಯಾಯಿತು: ಇಸಾಮುಗೆ ಕೆಲಸವಿಲ್ಲ, ಚಿಸಾಟೊಗೂ ಇಲ್ಲ. ಫುಸಾಯೆ ಗೊಂಬೆಗಳಿಗೆ ಕಣ್ಣು ಅಂಟಿಸುವ ಕೆಲಸ ತಂದಳು. ಊಟಕ್ಕೆ ಬೋಂಡ ಹೋಗಿ ಸೋಯಾ ಹೊಟ್ಟಿನ ಪಲ್ಯ ಬಂತು.

ಜುಲೈ ಮೊದಲ ವಾರ ಉಸುಯಿ ಮತ್ತೆ ಬಂದ. ಈ ಸಲ ಕೇಕಿರಲಿಲ್ಲ, ಒಂದು ಹಾಳೆಯಿತ್ತು.

"ಕ್ಷಮಾಪಣೆ ಪತ್ರ," ಎಂದ. "ಒಂದೇ ಸಾಲು ಸಾಕು. ಅಜಾಗರೂಕತೆಯಿಂದ ಗೀರು ಹಾಕೋದು ಮರೆತೆ ಅಂತ. ಕೆಳಗೆ ಸಹಿಯ ಬದಲು ಮೊಹರು. ಶರತ್ಕಾಲದ ಚಿತ್ರಕ್ಕೆ ನಿಮ್ಮನ್ನ ಕರೆಸ್ತೀನಿ. ನನಗೂ ನಿಮ್ಮಂಥವರು ಬೇಕು."

ತೊಮೆ, ಚಿಸಾಟೊ ಇಬ್ಬರೂ ಇಸಾಮುವಿನ ಕಡೆ ನೋಡಿದರು. ಒಂದು ಸಾಲು. ತಿಂಗಳ ಅಕ್ಕಿ.

ಇಸಾಮು ಲೇಖನಿ ತೆಗೆದುಕೊಂಡ. ದಿನಾಂಕ ಬರೆದು ಲೇಖನಿ ಎತ್ತಿದ.

"ಮರೆತೆ ಅಂತ ನಾನು ಬರೆಯೋಕಾಗಲ್ಲ," ಎಂದ. "ಕುಸಾಕಾ ಗೀರು ಮರೆತ ಅಂತ ನಾಳೆ ಇಡೀ ಸ್ಟುಡಿಯೊ ಹೇಳುತ್ತೆ. ಹತ್ತೊಂಬತ್ತು ವರ್ಷ."

"ಮತ್ತೆ ಏನು ಬರೀತೀರಿ?"

"ನಿಜ ಬರೀರಿ," ಎಂದಳು ಫುಸಾಯೆ. ಗೊಂಬೆಯ ಕಣ್ಣುಗಳನ್ನು ಬಟ್ಟಲಿಗೆ ಸುರಿದು ಗಂಡನ ಪಕ್ಕ ಬಂದು ಕೂತಳು. "ನಾನು ಹೇಳ್ತೀನಿ, ಬರೀರಿ. ನಲವತ್ತೆಂಟನೇ ದೃಶ್ಯದ ಮನೆಗೆ ಗೀರು ಹಾಕದೇ ಇದ್ದದ್ದು ಮರೆವಿನಿಂದ ಅಲ್ಲ."

ಇಸಾಮು ಬರೆದ.

"ಹನ್ನೊಂದು ವರ್ಷದಿಂದ ನಿಮ್ಮ ಚಿತ್ರಗಳಲ್ಲಿ ಒಡೆದ ಮನೆಗಳೆಲ್ಲ ನನ್ನ ಕೈಯಿಂದ ಒಡೆದವು. ಇದೊಂದು ನನ್ನ ಕೈಯಿಂದ ನಿಂತಿತು. ಮತ್ತೆ ಹೇಳಿದ್ರೆ ಮತ್ತೆ ಹೀಗೇ ಕಟ್ತೀನಿ."

"ಅಮ್ಮಾವ್ರೇ," ಉಸುಯಿ ಎಂದ, "ಇದು ಕ್ಷಮಾಪಣೆ ಅಲ್ಲ."

"ಅಲ್ಲ." ಅವಳು ಲೇಖನಿ ತೆಗೆದುಕೊಂಡು ಕೆಳಗೆ ತನ್ನ ಹೆಸರು ಬರೆದಳು. ಮನೆಗೆ ಇದ್ದದ್ದು ಒಂದೇ ಮೊಹರು, ಗಂಡನದು. ಅವಳು ಕೆಂಪು ಶಾಯಿಯ ಡಬ್ಬಿ ತೆರೆದು ಹೆಬ್ಬೆರಳು ಅದ್ದಿ ಒತ್ತಿದಳು. ಇಸಾಮು ನೋಡುತ್ತಿದ್ದ. ಆಮೇಲೆ ತಾನೂ ಹೆಬ್ಬೆರಳು ಅದ್ದಿ ಅವಳ ಗುರುತಿನ ಪಕ್ಕ ಒತ್ತಿದ.

ಉಸುಯಿ ಹಾಳೆ ಮಡಚಿ ಜೇಬಿಗೆ ಹಾಕಿಕೊಂಡ. ಬೂಟು ಹಾಕುವಾಗ, ಯಾರಿಗೂ ಅಲ್ಲವೆಂಬಂತೆ, "ನನ್ನ ಮಗ ಪರೀಕ್ಷಾ ಪ್ರದರ್ಶನದಲ್ಲಿ ನೋಡಿದ. ಮನೆಗೆ ಬಂದು ಅದೊಂದೇ ಕೇಳ್ತಾನೆ," ಎಂದ.

"ಏನಂತ?" ತೊಮೆ ಕೇಳಿದಳು.

ಅವನು ಬೂಟಿನ ದಾರ ಬಿಗಿದು ಹೊರಟ.

*

ಜುಲೈ ಇಪ್ಪತ್ತನಾಲ್ಕರಂದು ನಾಲ್ವರೂ ಪೇಟೆಯ ಚಿತ್ರಮಂದಿರಕ್ಕೆ ಹೋದರು. ತೊಮೆ ತನ್ನ ಔಷಧಿಯ ದುಡ್ಡಿನಿಂದ ಟಿಕೆಟ್ ತೆಗೆಸಿದಳು. ಬೇಡವೆಂದ ಮಗನಿಗೆ, "ನನ್ನ ಸೊಂಟ, ನನ್ನ ದುಡ್ಡು," ಎಂದಳು. ಒಳಗೆ ಮಕ್ಕಳೋ ಮಕ್ಕಳು. ಕ್ಯಾರಮೆಲ್ ವಾಸನೆ, ಬೆವರಿನ ವಾಸನೆ. ಹೆಸರುಗಳು ಬಂದವು. ಇಸಾಮುವಿನ ಹೆಸರಿರಲಿಲ್ಲ. ಫುಸಾಯೆಯ ಹೆಸರು ಯಾವತ್ತೂ ಇರಲಿಲ್ಲ.

ನುರುಗಾ ಕುಣಿಯಿತು. ಮಕ್ಕಳು ನಕ್ಕರು. ತೊಮೆಯೂ ನಕ್ಕಳು. ಉಸುಯಿ ಆ ದೃಶ್ಯಕ್ಕೆ ಪೀಪಿಯ ತಮಾಷೆ ಸಂಗೀತ ಹಾಕಿಸಿದ್ದ. ಪ್ರಾಣಿ ಮನೆಯ ಮೇಲೆ ಕೂತಿತು, ಮನೆ ಒಡೆಯಲಿಲ್ಲ. ಆಗ ಎದ್ದ ನಗುವಿಗೆ ಕುರ್ಚಿಗಳು ಕಿರುಗುಟ್ಟಿದವು. ಮತ್ತೆ ಎದ್ದು ಕೂತಿತು, ಇನ್ನೂ ನಗು. ಸಂಗೀತ ಮುಗಿದುಹೋಯಿತು. ದೃಶ್ಯ ಮುಗಿದಿರಲಿಲ್ಲ. ಪ್ರಾಣಿ ಕೂತೇ ಇತ್ತು. ಭುಜ ಇಳಿಯಿತು. ಎದ್ದು, ಬಗ್ಗಿ, ಕಿಟಕಿಯಲ್ಲಿ ನೋಡಿತು. ಕೈ ನಡುಗುತ್ತಿತ್ತು.

ನಗು ಒಂದೊಂದು ಸಾಲಾಗಿ ಆರಿತು.

"ಯಾಕೆ ಒಡೀಲಿಲ್ಲ?" ಮುಂದಿನ ಸಾಲಿನಲ್ಲಿ ಒಂದು ಮಗು ಗಟ್ಟಿಯಾಗಿ ಕೇಳಿತು.

"ಸುಮ್ನಿರು, ಅದು ತಮಾಷೆಗೆ," ತಾಯಿ ಹೇಳಿದಳು.

"ತಮಾಷೆ ಆದ್ರೆ ಯಾಕೆ ನೋಡ್ತಿದೆ?" ಎಂದಿತು ಇನ್ನೊಂದು ಮಗು, ಇನ್ನೊಂದು ಮೂಲೆಯಿಂದ. "ಒಳಗೆ ಯಾರೋ ಇದ್ದಾರೆ."

ತೊಮೆ ಮುಂದಿನ ಕುರ್ಚಿಯ ಬೆನ್ನು ಹಿಡಿದು ಎದ್ದು ನಿಂತಳು. ಇಸಾಮು ಅವಳ ತೋಳು ಹಿಡಿದ. ಕೂರಿಸಲಿಲ್ಲ, ಬೀಳದ ಹಾಗೆ ಹಿಡಿದ.

"ಇದ್ದಾಳೆ," ತೊಮೆ ಆ ಕತ್ತಲೆಗೆಲ್ಲ ಕೇಳುವಂತೆ ಹೇಳಿದಳು. "ಕಿಯೊ ಅಂತ. ನನ್ನ ತಂಗಿ."

"ಶ್ಶ್," ಎಂದರು ಹಿಂದಿನಿಂದ ಯಾರೋ. "ಅಜ್ಜಿ, ಕೂತ್ಕೊಳ್ಳಿ. ಮಕ್ಕಳ ಚಿತ್ರ ಇದು."

"ಅದಕ್ಕೇ ಹೇಳ್ತಿರೋದು," ಎಂದಳು ತೊಮೆ. "ಕೇಳಿದ್ದು ಮಕ್ಕಳು."